ಸೈಕಲ್ ರಿಪೇರಿ ಸ್ಟ್ಯಾಂಡ್: ಆರಿಸಿದ್ದು, ಬಿಚ್ಚಿದ್ದು, ಕೆರೆದದ್ದು

ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ರಿಪೇರಿ ಮಾಡುವುದರಲ್ಲಿ ನನಗೆ ಯಾವ ನಾಚಿಕೆಯೂ ಇಲ್ಲ. ಪಂಕ್ಚರ್ ಹಾಕಲು ಅದಕ್ಕಿಂತ ಒಳ್ಳೆಯ ಭಂಗಿ ನಾನು ಕಂಡಿಲ್ಲ. ಸೀಟು ಒಂದು, ಹ್ಯಾಂಡಲ್ಲಿನ ಹಿಡಿಗಳು ಎರಡು, ಒಟ್ಟು ಮೂರು ಕಾಲು. ಕದಲದೆ ಕೂತಿರುತ್ತದೆ. ತಕರಾರು ಶುರುವಾಗುವುದು ಗೇರು ಹೊಂದಿಸಲು ಹೊರಟಾಗ. ಗೇರಿನ ಲಿವರ್ ನೆಲಕ್ಕೆ ಒತ್ತಿಕೊಂಡಿರುತ್ತದೆ, ಬೆರಳು ತೂರುವುದಿಲ್ಲ. ತೂರಿಸಿದರೂ ಒಂದು ಕೈ ನೆಲದಲ್ಲಿ, ಇನ್ನೊಂದು ಕೈ ಪೆಡಲಿನಲ್ಲಿ, ಕಣ್ಣು ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರಿನ ಮೇಲೆ. ಯೋಗಾಸನದವರು ಇದಕ್ಕೊಂದು ಹೆಸರು ಇಟ್ಟಿರಬೇಕು. ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕಿನ ಸೈಕಲ್ಲಾದರೆ ಇನ್ನೊಂದು ಕಾಟ. ಲಿವರ್ ಬಳಿಯ ಎಣ್ಣೆ ಡಬ್ಬಿಯಲ್ಲಿ ಸ್ವಲ್ಪ ಗಾಳಿ ಸೇರಿಕೊಂಡಿದ್ದರೆ, ತಲೆಕೆಳಗಾದಾಗ ಆ ಗುಳ್ಳೆ ಮೇಲಕ್ಕೇರಿ ಕೊಳವೆಗೆ ನುಗ್ಗುತ್ತದೆ. ನೆಟ್ಟಗೆ ನಿಲ್ಲಿಸಿ ಬ್ರೇಕ್ ಹಿಡಿದರೆ ಲಿವರ್ ಹತ್ತಿಯಂತೆ ಮೆತ್ತಗಿರುತ್ತದೆ. ನನಗೆ ಹಾಗಾದ ದಿನವೇ ಸ್ಟ್ಯಾಂಡ್ ತರಲೇಬೇಕೆಂದು ತೀರ್ಮಾನಿಸಿದೆ.

ಮನೆಯಲ್ಲಿ ಇರುವುದು ಮೂರು ಸೈಕಲ್. ಒಂದು ಕ್ಯಾರಿಯರ್, ಮಡ್‌ಗಾರ್ಡ್, ಚೈನ್ ಕವಚ ಎಲ್ಲ ಹೊತ್ತ ಉಕ್ಕಿನ ಸೈಕಲ್, 18 ಕಿಲೋ. ಇನ್ನೊಂದು ಡಿಸ್ಕ್ ಬ್ರೇಕಿನ ಗೇರ್ ಸೈಕಲ್, 14 ಕಿಲೋ. ಮೂರನೆಯದು ಮಗಳದ್ದು, 20 ಇಂಚಿನ ಚಕ್ರ, 9 ಕಿಲೋ. ತೂಕ ನೋಡಿದ ಬಗೆ ಸುಲಭ: ಸೈಕಲ್ ಹೊತ್ತು ತಕ್ಕಡಿಯ ಮೇಲೆ ನಿಂತೆ, ಆಮೇಲೆ ಬರಿಗೈಯಲ್ಲಿ ನಿಂತೆ, ಕಳೆದೆ. ಸ್ಟ್ಯಾಂಡ್ ಆರಿಸುವವರು ಮೊದಲು ಮಾಡಬೇಕಾದ ಕೆಲಸ ಇದು ಎಂದುಕೊಂಡಿದ್ದೆ. ಡಬ್ಬದ ಮೇಲೆ ಬರೆದಿರುವ '30 ಕಿಲೋ ತಾಳುತ್ತದೆ' ಎಂಬ ಮಾತಿಗೂ ಸ್ಟ್ಯಾಂಡಿನ ಯೋಗ್ಯತೆಗೂ ಅಂಥ ನಂಟಿಲ್ಲ ಎಂದು ಗೊತ್ತಾಗಲು ಎರಡು ತಿಂಗಳು ಬೇಕಾಯಿತು.

ಮೊದಲು ಖರ್ಚಿಲ್ಲದ ದಾರಿ ನೋಡಿದೆ. ಚಾವಣಿಯ ಕೊಕ್ಕೆಗೆ ಎರಡು ಹಗ್ಗ, ಒಂದು ಸೀಟಿನ ಮೂಗಿಗೆ, ಇನ್ನೊಂದು ಹ್ಯಾಂಡಲ್ಲಿಗೆ. ಚೈನು ಒರೆಸಿ ಎಣ್ಣೆ ಬಿಡಲು ಇದು ಸಾಕು. ಆದರೆ ಸ್ಪ್ಯಾನರ್ ಹಾಕಿ ಒತ್ತಿದ ಕೂಡಲೇ ಸೈಕಲ್ ಹಿಂದಕ್ಕೆ ಸರಿಯುತ್ತದೆ, ಬಿಟ್ಟರೆ ಮುಂದಕ್ಕೆ ಬಂದು ಮೊಣಕಾಲಿಗೆ ಬಡಿಯುತ್ತದೆ. ತೊಟ್ಟಿಲು ತೂಗುತ್ತ ನಟ್ಟು ಬಿಗಿ ಮಾಡಲಾಗದು.

ಆಮೇಲೆ ಗೆಳೆಯನಿಂದ ಎರಡು ಬಗೆಯ ಸ್ಟ್ಯಾಂಡ್ ಎರವಲು ತಂದೆ. ಒಂದು ಹಿಂಬದಿಯ ಚೌಕಟ್ಟಿಗೆ, ಅಚ್ಚಿನ ಹತ್ತಿರ, ಕೊಕ್ಕೆ ಹಾಕಿ ಹಿಂದಿನ ಚಕ್ರವನ್ನು ನೆಲದಿಂದ ಮೂರು ಬೆರಳು ಎತ್ತುವ ಪುಟ್ಟ ಸ್ಟ್ಯಾಂಡ್. ಪೆಡಲ್ ತಿರುಗುತ್ತದೆ, ಗೇರು ಬದಲಾಗುತ್ತದೆ, ಮಡಚಿದರೆ ಬಾಗಿಲ ಹಿಂದೆ ನಿಲ್ಲುತ್ತದೆ. ಜಾಗವಿಲ್ಲದವರಿಗೆ, ಚೈನು ಮತ್ತು ಗೇರು ಬಿಟ್ಟು ಬೇರೆ ಗೊಡವೆ ಬೇಡ ಎನ್ನುವವರಿಗೆ ನಾನು ಇಂದಿಗೂ ಇದನ್ನೇ ಹೇಳುತ್ತೇನೆ. ನನಗೆ ಆಗಿಬರಲಿಲ್ಲ, ಏಕೆಂದರೆ ಕೆಲಸವೆಲ್ಲ ಕುಕ್ಕರುಗಾಲಲ್ಲಿ. ಅರ್ಧ ಗಂಟೆಯ ನಂತರ ಸೈಕಲ್ ಸರಿಯಾಗಿತ್ತು, ನಾನು ಎದ್ದು ನಿಲ್ಲಲು ಗೋಡೆ ಹಿಡಿಯಬೇಕಾಯಿತು.

ಇನ್ನೊಂದು ಪಂದ್ಯದ ತಂಡಗಳ ಮೆಕ್ಯಾನಿಕ್‌ಗಳು ಬಳಸುವ ತರಹದ್ದು. ಮುಂದಿನ ಚಕ್ರ ಬಿಚ್ಚಿ, ಅದನ್ನು ಹಿಡಿದಿದ್ದ ಕವಲನ್ನು, ಅಂದರೆ ಫೋರ್ಕನ್ನು, ಒಂದು ತುದಿಗೆ ಸಿಕ್ಕಿಸಬೇಕು, ಪೆಡಲ್ ಅಚ್ಚಿನ ಗೂಡು ನಡುವಿನ ತೊಟ್ಟಿಲ ಮೇಲೆ ಕೂರುತ್ತದೆ. ಸೈಕಲ್ ಬಂಡೆಯಂತೆ ನಿಲ್ಲುತ್ತದೆ. ಚೌಕಟ್ಟನ್ನಾಗಲಿ ಸೀಟಿನ ಕೊಳವೆಯನ್ನಾಗಲಿ ಯಾರೂ ಹಿಸುಕುವುದಿಲ್ಲವಾದ್ದರಿಂದ ಕಾರ್ಬನ್ ಸೈಕಲ್ಲಿನವರಿಗೆ ಇದರಷ್ಟು ನೆಮ್ಮದಿ ಬೇರೆಯದರಲ್ಲಿಲ್ಲ. ಆದರೆ ನನ್ನ ಮೂರು ಸೈಕಲ್ಲಿಗೆ ಮೂರು ಬಗೆಯ ಫೋರ್ಕ್. ಉಕ್ಕಿನದ್ದು 100 ಮಿ.ಮೀ. ಅಗಲದ ಹಳೆಯ ಅಳತೆ. ಗೇರಿನದ್ದು 110 ಮಿ.ಮೀ. ಅಗಲ, ಫೋರ್ಕಿನ ತೂತುಗಳೊಳಗೆ ತೂರಿಸುವ 15 ಮಿ.ಮೀ. ದಪ್ಪದ ಅಚ್ಚು, ಅದಕ್ಕೆ ಬೇರೆ ಅಡಾಪ್ಟರ್ ಬೇಕು. ಮಗಳದ್ದು ಎರಡಕ್ಕೂ ಸೇರದ ಕಿರಿದು. ಚೈನಿಗೆ ಎಣ್ಣೆ ಬಿಡಲೂ ಮುಂದಿನ ಚಕ್ರದ ನಟ್ಟು ಬಿಚ್ಚಬೇಕೆಂದರೆ ನಾನು ಎಣ್ಣೆಯನ್ನೇ ಬಿಡುವುದಿಲ್ಲ. ನನ್ನ ಸೋಮಾರಿತನದ ಅಳತೆ ನನಗೆ ಗೊತ್ತು.

ಉಳಿದದ್ದು ದವಡೆಯ ಸ್ಟ್ಯಾಂಡ್. ಒಂದು ಕಂಬ, ಅದರ ತಲೆಯಿಂದ ಪಕ್ಕಕ್ಕೆ ಚಾಚಿದ ತೋಳು, ತೋಳಿನ ತುದಿಯಲ್ಲಿ ರಬ್ಬರ್ ಹೊದಿಸಿದ ಎರಡು ದವಡೆ. ಅದು ಸೀಟ್ ಪೋಸ್ಟನ್ನು, ಅಂದರೆ ಸೀಟು ಹೊತ್ತ ಕೊಳವೆಯನ್ನು, ಕಚ್ಚಿ ಹಿಡಿಯುತ್ತದೆ. ಮಡಚುವ ಕಾಲಿನದ್ದೊಂದನ್ನು ಕೊಂಡೆ.

ಕೊಳ್ಳುವಾಗ ಒಂದು ವಿಷಯದಲ್ಲಿ ಮಾತ್ರ ಬುದ್ಧಿ ಉಪಯೋಗಿಸಿದೆ. ದವಡೆ ಬಿಗಿಯುವ ಬಗೆ ಎರಡು: ತಿರುಪು ತಿರುಗಿಸುತ್ತ ಹೋಗುವುದು ಒಂದು, ಸನ್ನೆ, ಅಂದರೆ ಲಿವರ್, ಒತ್ತಿದರೆ ಒಮ್ಮೆಗೇ ಮುಚ್ಚಿಕೊಳ್ಳುವುದು ಇನ್ನೊಂದು. 18 ಕಿಲೋ ಸೈಕಲ್ಲನ್ನು ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈಯಲ್ಲಿ ತಿರುಪನ್ನು ಹದಿನೈದು ಸುತ್ತು ತಿರುಗಿಸುವುದು ಎಂಥ ಕೆಲಸ ಎನ್ನುವುದು ಅಂಗಡಿಯಲ್ಲಿ ಖಾಲಿ ದವಡೆ ಆಡಿಸುವವರಿಗೆ ಹೊಳೆಯುವುದಿಲ್ಲ. ಏಳನೆಯ ಸುತ್ತಿಗೆ ತೋಳು ನಡುಗಲು ಶುರುವಾಗುತ್ತದೆ. ಆದ್ದರಿಂದ ಸನ್ನೆಯದ್ದನ್ನೇ ಆರಿಸಿದೆ. ಮೊದಲು ಪೋಸ್ಟಿನ ದಪ್ಪಕ್ಕೆ ದವಡೆಯ ಅಂತರ ಹೊಂದಿಸಿಟ್ಟು, ಸೈಕಲ್ ಎತ್ತಿ ಒಳಗಿಟ್ಟು, ಸನ್ನೆ ಒತ್ತಿದರೆ ಮುಗಿಯಿತು.

ಮೊದಲ ಶನಿವಾರ ಗೇರ್ ಸೈಕಲ್ಲನ್ನು ಏರಿಸಿದೆ. ನೋಡಲು ಲಕ್ಷಣವಾಗಿತ್ತು. ಹಿಂದಿನ ಡಿರೇಲರ್ ಕಣ್ಣಿನ ಮಟ್ಟಕ್ಕೆ ಹತ್ತಿರ, ಎರಡೂ ಕೈ ಖಾಲಿ. ಹತ್ತು ನಿಮಿಷ ಕಳೆದಿರಬಹುದು, ಪಕ್ಕದಲ್ಲಿ ನಿಂತಿದ್ದ ಮಗಳು, "ಅಪ್ಪಾ, ಸೈಕಲ್ ತಲೆ ಬಗ್ಗಿಸುತ್ತಿದೆ" ಎಂದಳು. ನಿಜ. ಮುಂದಿನ ಚಕ್ರ ನೆಲದತ್ತ ಒಂದು ಗೇಣು ಇಳಿದಿತ್ತು. ದವಡೆ ಜಾರಿರಲಿಲ್ಲ, ಪೋಸ್ಟನ್ನು ಕಚ್ಚಿಯೇ ಇತ್ತು. ತೋಳು ಕಂಬಕ್ಕೆ ಸೇರುವ ಗಿಣ್ಣು ತಿರುಗುತ್ತಿತ್ತು. ಅದನ್ನು ಬಿಗಿಯಲು ಕೈಯಲ್ಲಿ ತಿರುಗಿಸುವ ಗುಬುಟನ್ನು ಇನ್ನಷ್ಟು ಬಿಗಿದೆ. ಮತ್ತೆ ಹತ್ತು ನಿಮಿಷ, ಮತ್ತೆ ಅದೇ ವಿನಯ.

ಇಲ್ಲಿ ಲೆಕ್ಕ ಹಾಕಲು ಕೂತೆ. ಸೈಕಲ್ಲಿನ ತೂಕದ ನಡುಬಿಂದು ಸೀಟ್ ಪೋಸ್ಟಿನ ಕೆಳಗೆ ಇರುವುದಿಲ್ಲ, ಅದಕ್ಕಿಂತ ಮುಂದಿರುತ್ತದೆ. ಎಷ್ಟು ಮುಂದೆ ಎಂದು ತಿಳಿಯಲು ಮೇಲಿನ ಅಡ್ಡಕೊಳವೆಯ ಕೆಳಗೆ ಹಗ್ಗ ತೂರಿಸಿ ಸೈಕಲ್ ಎತ್ತಿ, ಎರಡು ಚಕ್ರವೂ ಸಮಕ್ಕೆ ಬರುವ ತನಕ ಹಗ್ಗ ಸರಿಸಿದೆ. ಅಲ್ಲಿಂದ ಪೋಸ್ಟಿನವರೆಗೆ ಅಳೆದರೆ ಗೇರಿನದ್ದಕ್ಕೆ 27 ಸೆಂ.ಮೀ., ಹಿಂದೆ ಕ್ಯಾರಿಯರ್ ಹೊತ್ತ ಉಕ್ಕಿನದ್ದಕ್ಕೆ 24, ಮಗಳದ್ದಕ್ಕೆ 18. ಈಗ ಗುಣಾಕಾರ. 14 ಕಿಲೋ, ಭೂಮಿಯ ಸೆಳೆತದ 9.8, 0.27 ಮೀಟರ್: ಸುಮಾರು 37 ನ್ಯೂಟನ್-ಮೀಟರ್ ತಿರುಚು ಬಲ. ಉಕ್ಕಿನದ್ದಕ್ಕೆ 42. ಮಗಳದ್ದಕ್ಕೆ 16. ಹ್ಯಾಂಡಲ್ ಹಿಡಿದಿರುವ ಸ್ಟೆಮ್ಮಿನ ಬೋಲ್ಟನ್ನು ಬಿಗಿಯುವುದು ಸಾಮಾನ್ಯವಾಗಿ 5 ನ್ಯೂಟನ್-ಮೀಟರಿಗೆ. ಹಿಂದಿನ ಹಲ್ಲುಚಕ್ರಗಳ ಕ್ಯಾಸೆಟ್ಟನ್ನು ಹಿಡಿದಿಡುವ ಬಳೆಗೆ 40. ಅಂದರೆ ಕ್ಯಾಸೆಟ್ ಬಳೆಯನ್ನು ಬಿಗಿಯಲು ಒಂದು ಕ್ಷಣ ಮೈಬಲ ಹಾಕುತ್ತೇವಲ್ಲ, ಅಷ್ಟು ಬಲವನ್ನು ಈ ಗಿಣ್ಣು ಸೈಕಲ್ ತೂಗಾಡುವಷ್ಟು ಹೊತ್ತೂ ಸುಮ್ಮನೆ ತಡೆದು ನಿಲ್ಲಬೇಕು. ಡಬ್ಬದ ಮೇಲೆ ಕಿಲೋ ಬರೆಯುತ್ತಾರೆ. ಬರೆಯಬೇಕಾದದ್ದು ಇದು.

ಭಾನುವಾರ ಗಿಣ್ಣು ಬಿಚ್ಚಿದೆ. ಗುಬುಟು, ಅದರ ಹಿಂದೆ ಒಂದು ಪ್ಲಾಸ್ಟಿಕ್ ವಾಷರ್, ಆಮೇಲೆ ಎದುರುಬದುರು ಕೂರುವ ಎರಡು ಅಲ್ಯೂಮಿನಿಯಂ ಬಿಲ್ಲೆ. ಬಿಲ್ಲೆಗಳ ಮುಖದ ಮೇಲೆ ಸೂರ್ಯನ ಕಿರಣದಂತೆ ಹಲ್ಲುಗಳು, ಎಣಿಸಿದೆ, 36. ವಿನ್ಯಾಸ ಮಾಡಿದವರ ತಪ್ಪಿಲ್ಲ. ಹಲ್ಲಿಗೆ ಹಲ್ಲು ಕೂತರೆ ಆನೆ ನೇತು ಹಾಕಿದರೂ ತಿರುಗಬಾರದು. ಆದರೆ ಬಣ್ಣ ಹೊಡೆದವರು ಬಿಲ್ಲೆಗಳ ಮುಖವನ್ನೂ ಬಿಟ್ಟಿರಲಿಲ್ಲ. ಒಲೆಯಲ್ಲಿ ಸುಟ್ಟು ಹಾಕುವ ಪುಡಿ ಬಣ್ಣ, ದಪ್ಪಗೆ, ಹಲ್ಲಿನ ಸಂದುಗಳನ್ನೆಲ್ಲ ತುಂಬಿ ನಿಂತಿತ್ತು. ಹಲ್ಲುಗಳು ಒಂದರೊಳಗೊಂದು ಇಳಿಯುವ ಬದಲು ತುದಿಗೆ ತುದಿ ತಾಗಿ, ಆ ಮೆತ್ತನೆಯ ಬಣ್ಣದ ಮೇಲೆ ನಿಧಾನವಾಗಿ ಜಾರುತ್ತಿದ್ದವು. ಜೊತೆಗೆ ಪ್ಲಾಸ್ಟಿಕ್ ವಾಷರ್ ಚಪ್ಪಟೆಯಾಗಿ ಅಂಚಿಗೆ ಉಕ್ಕಿತ್ತು. ನಾನು ಗುಬುಟು ಬಿಗಿದಾಗಲೆಲ್ಲ ಬಿಗಿತ ಬಿಲ್ಲೆಗೆ ಹೋಗದೆ ಪ್ಲಾಸ್ಟಿಕ್ಕನ್ನು ಹಿಂಡಲು ಹೋಗುತ್ತಿತ್ತು.

ಬಣ್ಣ ತೆಗೆಯಲು ಮುಮ್ಮೂಲೆ ಅರ ಕೈಗೆತ್ತಿಕೊಂಡೆ, ಎರಡೇ ಎಳೆತಕ್ಕೆ ಕೆಳಗಿಟ್ಟೆ. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಅರ ಬಣ್ಣದ ಜೊತೆ ಹಲ್ಲನ್ನೂ ತಿನ್ನುತ್ತಿತ್ತು. ಹಾಳಾದ ಚಕ್ರದ ಕಡ್ಡಿಯೊಂದು ಮೂಲೆಯಲ್ಲಿತ್ತು, 2 ಮಿ.ಮೀ. ದಪ್ಪದ್ದು. ಅದರ ತುದಿಯನ್ನು ಕಲ್ಲಿಗೆ ಉಜ್ಜಿ ಉಳಿಯಂತೆ ಚೂಪು ಮಾಡಿ, ಇನ್ನೊಂದು ತುದಿಗೆ ಬಟ್ಟೆ ಸುತ್ತಿ ಹಿಡಿ ಮಾಡಿಕೊಂಡೆ. ಸಂದಿನ ಆಳಕ್ಕೆ ಇಟ್ಟು ಹೊರಗಿನಿಂದ ನಡುವಿನತ್ತ ಎಳೆದರೆ ಕಪ್ಪು ಬಣ್ಣ ಉಗುರಿನ ಚೂರಿನಂತೆ ಸುರುಳಿಯಾಗಿ ಏಳುತ್ತಿತ್ತು, ಕೆಳಗೆ ಬಿಳಿ ಲೋಹ ಕಾಣುತ್ತಿತ್ತು. ಎರಡು ಬಿಲ್ಲೆ, 72 ಸಂದು. ಮೊದಲ ಹತ್ತಕ್ಕೆ ಹುಮ್ಮಸ್ಸಿತ್ತು. ನಲವತ್ತರ ಹೊತ್ತಿಗೆ ಬಣ್ಣ ಹೊಡೆದವರ ವಂಶವನ್ನೇ ಜಾಲಾಡಿದ್ದೆ. ಕೊನೆಗೆ ತಂತಿ ಬ್ರಷ್ಷಿನಿಂದ ಉಜ್ಜಿ, ಎರಡೂ ಬಿಲ್ಲೆಗಳನ್ನು ಬರಿಗೈಯಲ್ಲಿ ಒಂದರ ಮೇಲೊಂದು ಇಟ್ಟು ತಿರುಗಿಸಿ ನೋಡಿದೆ. 'ಕಟಕ್' ಎಂದು ಕೂತು ಅಲ್ಲೇ ನಿಂತಿತು. ಆ ಸದ್ದು ಕಿವಿಗೆ ಹಿತವಾಗಿತ್ತು.

ಪ್ಲಾಸ್ಟಿಕ್ಕಿನ ಜಾಗಕ್ಕೆ ಎರಡು ಉಕ್ಕಿನ ವಾಷರ್, ಅವುಗಳ ನಡುವೆ ಸ್ವಲ್ಪ ಗ್ರೀಸ್. ಗುಬುಟಿನ ತಿರುಪಿಗೂ ಗ್ರೀಸ್. ಹಲ್ಲಿಗೆ ಮಾತ್ರ ಒಂದು ತೊಟ್ಟೂ ತಾಗದಂತೆ ನೋಡಿಕೊಂಡೆ. ತಿರುಪು ಸಲೀಸಾಗಿ ತಿರುಗಿದಷ್ಟೂ ಕೈಯ ಬಲ ಬಿಲ್ಲೆಗಳನ್ನು ಒತ್ತಲು ಸಿಗುತ್ತದೆ.

ಪರೀಕ್ಷೆಗೆ ಸೈಕಲ್ಲನ್ನೇ ಒಡ್ಡುವ ಧೈರ್ಯ ಬರಲಿಲ್ಲ. ದವಡೆಗೆ ಕಬ್ಬಿಣದ ಪೈಪೊಂದನ್ನು ಅಡ್ಡಲಾಗಿ ಕಚ್ಚಿಸಿ, ಗಿಣ್ಣಿನ ನಡುವಿನಿಂದ ಸರಿಯಾಗಿ ಒಂದು ಮೀಟರ್ ದೂರದಲ್ಲಿ 5 ಲೀಟರ್ ನೀರಿನ ಕ್ಯಾನ್ ನೇತುಹಾಕಿದೆ. 49 ನ್ಯೂಟನ್-ಮೀಟರ್, ಪೈಪಿನ ಭಾರ ಬೇರೆ. ಮನೆಯ ಅತಿ ಭಾರದ ಸೈಕಲ್ಲಿಗಿಂತಲೂ ಹೆಚ್ಚು. ಎರಡು ಬಿಲ್ಲೆಗಳ ಅಂಚಿಗೂ ಸೇರುವಂತೆ ಸೀಸದ ಕಡ್ಡಿಯಿಂದ ಒಂದು ಗೀರು ಎಳೆದೆ. ಬಿಚ್ಚುವ ಮೊದಲು ಇದೇ ಪರೀಕ್ಷೆ ಮಾಡಿದ್ದಾಗ ಗೀರು ಎರಡು ನಿಮಿಷದಲ್ಲಿ ಒಡೆದು ಎರಡಾಗಿ, ಕ್ಯಾನ್ ನೆಲ ಮುಟ್ಟಿತ್ತು. ಈಗ ಊಟ ಮುಗಿಸಿ ಬಂದು ನೋಡಿದರೂ ಗೀರು ಒಂದೇ ಗೆರೆಯಾಗಿತ್ತು. ನಷ್ಟ ಒಂದೇ: 36 ಹಲ್ಲು ಎಂದರೆ ಹಲ್ಲಿಗೆ 10 ಡಿಗ್ರಿ, ನಡುವಿನ ಕೋನದಲ್ಲಿ ನಿಲ್ಲಿಸಲಾಗದು. ಬ್ರೇಕಿನ ಎಣ್ಣೆಯಿಂದ ಗಾಳಿ ತೆಗೆಯುವಾಗ ಸೈಕಲ್ಲನ್ನು ಓರೆ ಮಾಡಬೇಕಾಗುತ್ತದೆ, ಅಲ್ಲಿಯೂ 10 ಡಿಗ್ರಿ ಆಚೀಚೆ ಆದರೆ ಅಡ್ಡಿಯಿಲ್ಲ. ಸ್ಟ್ಯಾಂಡ್ ನೋಡಲು ಹೋಗುವವರು ಗುಬುಟನ್ನು ಪೂರ್ತಿ ಸಡಿಲಿಸಿ, ಗಿಣ್ಣನ್ನು ಎಳೆದು, ಒಳಗೆ ಹಲ್ಲಿದೆಯೇ ನುಣುಪಾಗಿದೆಯೇ ಎಂದು ಇಣುಕಿ ನೋಡಿ. ನುಣುಪಾಗಿದ್ದರೆ ಕೆರೆದು ಸರಿಪಡಿಸುವ ಅವಕಾಶವೂ ಇಲ್ಲ.

ಇನ್ನು ಕಾಲು. ನನ್ನದಕ್ಕೆ ಇರುವುದು ಎರಡು ಉದ್ದ ಕಾಲು, ಇಂಗ್ಲಿಷಿನ ವಿ ಅಕ್ಷರದಂತೆ ಹರಡಿಕೊಳ್ಳುತ್ತವೆ, ಮೂರನೆಯ ಆಧಾರ ಕಂಬದ ಬುಡ. ಮೂರೂ ನೆಲ ತಾಗುವ ಕಡೆ ಸೀಮೆಸುಣ್ಣದಿಂದ ಗುರುತು ಮಾಡಿ ತ್ರಿಕೋನ ಬರೆದೆ. ಅಡ್ಡಕೊಳವೆಯಲ್ಲಿ ಮೊದಲೇ ಗುರುತಿಸಿದ್ದ ನಡುಬಿಂದುವಿನಿಂದ ದಾರಕ್ಕೆ ನಟ್ಟು ಕಟ್ಟಿ, ಗಾರೆಯವರ ತೂಗುಗುಂಡಿನಂತೆ ಇಳಿಬಿಟ್ಟೆ. ನಟ್ಟು ತ್ರಿಕೋನದೊಳಗೆ ಬೀಳಬೇಕು. ಮೊದಲ ಸಲ ಅಂಚಿನಿಂದ ಎರಡೇ ಬೆರಳು ಒಳಗಿತ್ತು. ಹ್ಯಾಂಡಲ್ಲಿನ ಮೇಲೆ ಕೈ ಊರಿದ್ದರೆ ಸ್ಟ್ಯಾಂಡಿನ ಸಮೇತ ಮಗುಚುತ್ತಿದ್ದೆ. ಕಂಬದ ತಲೆಯನ್ನು ತಿರುಗಿಸಿ ಸೈಕಲ್ಲಿನ ಮುಂಭಾಗ ಒಂದು ಕಾಲಿನ ನೇರಕ್ಕೆ ಬರುವಂತೆ ಇಟ್ಟ ಮೇಲೆ ನಟ್ಟು ಒಂದು ಗೇಣು ಒಳಕ್ಕೆ ಬಂತು. ಈಗ ಸ್ಟ್ಯಾಂಡ್ ಬಿಡಿಸಿದಾಗಲೆಲ್ಲ ಹಾಗೆಯೇ ನಿಲ್ಲಿಸುತ್ತೇನೆ.

ಎಷ್ಟೇ ಗಟ್ಟಿಯಾದರೂ ಪೆಡಲ್ ಬಿಚ್ಚುವ ಕೆಲಸವನ್ನು ಸ್ಟ್ಯಾಂಡಿನ ಮೇಲೆ ಮಾಡುವುದಿಲ್ಲ. ತುಕ್ಕು ಹಿಡಿದ ಪೆಡಲಿಗೆ ಮೈಭಾರ ಹಾಕಿ ಒತ್ತಿದರೆ ಆ ಬಲವೂ ಅದೇ ಗಿಣ್ಣಿಗೆ, ಅದೇ ಕಾಲುಗಳಿಗೆ ಹೋಗುತ್ತದೆ. ಅಂಥದ್ದನ್ನು ಎರಡು ಚಕ್ರವೂ ನೆಲದ ಮೇಲಿರುವಾಗ ಸಡಿಲಿಸಿ, ಆಮೇಲೆ ಏರಿಸಬೇಕು. ಎಡ ಪೆಡಲಿನ ತಿರುಪು ಉಲ್ಟಾ ಎನ್ನುವುದನ್ನು ನೆನಪಿಟ್ಟುಕೊಂಡರೆ ಅರ್ಧ ಬೆವರು ಉಳಿಯುತ್ತದೆ.

ದವಡೆ ಎಲ್ಲಿ ಕಚ್ಚಬೇಕು ಎನ್ನುವುದರಲ್ಲಿ ನಾನು ಹಟಮಾರಿ. ಸೀಟ್ ಪೋಸ್ಟ್ ಮಾತ್ರ. ಅಡ್ಡಕೊಳವೆ ಕೈಗೆ ಸುಲಭವಾಗಿ ಸಿಗುತ್ತದೆ, ಗಟ್ಟಿಯಾಗಿಯೂ ಕಾಣುತ್ತದೆ. ಆದರೆ ತೂಕ ಉಳಿಸಲು ಆ ಕೊಳವೆಗಳ ನಡುಭಾಗವನ್ನು ತೆಳ್ಳಗೆ ಮಾಡಿರುತ್ತಾರೆ, ಬೆಸುಗೆಯ ತುದಿಗಳಲ್ಲಷ್ಟೇ ದಪ್ಪ. ಉಕ್ಕಿನ ಒಳ್ಳೆಯ ಕೊಳವೆಗಳು ತುದಿಯಲ್ಲಿ 0.9, ನಡುವೆ 0.6 ಮಿ.ಮೀ. ಇರುವುದುಂಟು. ಸನ್ನೆ ಒತ್ತಿದರೆ ಡಬ್ಬಿಯಂತೆ ತಗ್ಗು ಬೀಳುತ್ತದೆ. ಕಾರ್ಬನ್ನಿನದ್ದಾದರೆ ತಗ್ಗೂ ಬೀಳದು, ಒಳಗೊಳಗೇ ಸೀಳುತ್ತದೆ. ಲಿವರ್ ಒತ್ತಿ ಎತ್ತರ ಬದಲಿಸುವ ಪೋಸ್ಟ್ ಇದ್ದರೆ ಅದರ ಜಾರುವ ಹೊಳಪು ಭಾಗವನ್ನು ಬಿಟ್ಟು ಕೆಳಗಿನ ದಪ್ಪ ಕೊಳವೆಯನ್ನೇ ಹಿಡಿಯಬೇಕು. ಹೊಳಪಿನ ಮೇಲೆ ಒಂದು ಗೀರು ಬಿದ್ದರೂ ಒಳಗಿನ ಸೀಲು ಸವೆಯುತ್ತದೆ.

ಮಗಳ ಸೈಕಲ್ಲಿನಲ್ಲಿ ಇದೇ ಹಟ ಸಿಕ್ಕಿಬಿತ್ತು. ಅವಳ ಎತ್ತರಕ್ಕೆ ಸೀಟು ಪೂರ್ತಿ ಕೆಳಗಿದೆ, ದವಡೆಗೆ ಎರಡು ಬೆರಳು ಜಾಗವೂ ಇಲ್ಲ. ಪೋಸ್ಟನ್ನು ಮೇಲೆಳೆಯೋಣವೆಂದರೆ ಸ್ವಲ್ಪ ಎಳೆಯುವಷ್ಟರಲ್ಲೇ ಅದರ ಮೇಲೆ ಕೆತ್ತಿರುವ ಕನಿಷ್ಠ ಆಳದ ಗೆರೆ ಹೊರಗೆ ಇಣುಕುತ್ತದೆ. ಆ ಗೆರೆ ದಾಟಿಸಿ ಸೈಕಲ್ಲಿನ ಇಡೀ ಭಾರ ನೇತುಹಾಕಿದರೆ ಚೌಕಟ್ಟಿನ ಬಾಯಿ ಸೀಳಬಹುದು. ಹಳೆಯ ಸಾಮಾನಿನ ರಾಶಿಯಲ್ಲಿ ಅದೇ 25.4 ಮಿ.ಮೀ. ದಪ್ಪದ ಉದ್ದ ಪೋಸ್ಟೊಂದು ಸಿಕ್ಕಿತು. ರಿಪೇರಿಯ ದಿನ ಅವಳ ಸೀಟನ್ನು ಪೋಸ್ಟಿನ ಸಮೇತ ಕಳಚಿ, ಈ ಉದ್ದದ್ದನ್ನು ಆಳಕ್ಕೆ ಇಳಿಸಿ ಬಿಗಿದು, ಅದನ್ನು ದವಡೆಗೆ ಕೊಡುತ್ತೇನೆ. ಪೋಸ್ಟಿನ ದಪ್ಪದಲ್ಲಿ ಅಂದಾಜು ನಡೆಯುವುದಿಲ್ಲ. ಗೇರ್ ಸೈಕಲ್ಲಿನದ್ದು 31.6, ಉಕ್ಕಿನದ್ದು 27.2, ಒಂದಕ್ಕೆ ಒಂದು ಹೊಂದದು. ಸೀಟು ಮರಳಿ ಅದೇ ಎತ್ತರಕ್ಕೆ ಬರಬೇಕಲ್ಲ, ಅದಕ್ಕೆ ಪೋಸ್ಟಿನ ಸುತ್ತ ಇನ್ಸುಲೇಷನ್ ಟೇಪಿನ ಒಂದು ಸುತ್ತು. ಕಳೆದ ಬಾರಿ ಟೇಪು ಮರೆತೆ. ಸೀಟು ಅರ್ಧ ಇಂಚು ಮೇಲಾಯಿತೆಂದು ಹತ್ತು ಹೆಜ್ಜೆಯಲ್ಲಿ ಕಂಡುಹಿಡಿದು ತಿರುಗಿ ಬಂದಳು.

ಸ್ಟ್ಯಾಂಡ್ ನೆಟ್ಟಗಾದ ಮೇಲೆ ಮೊದಲು ಕೂತದ್ದು ಆ ಅರ್ಧಕ್ಕೆ ಬಿಟ್ಟಿದ್ದ ಗೇರಿನ ಮುಂದೆ. ಚೈನು ಅತಿ ಸಣ್ಣ ಹಲ್ಲುಚಕ್ರದಲ್ಲಿದ್ದಾಗ ಲಿವರನ್ನು ಒಂದು ಮೆಟ್ಟಿಲು ಒತ್ತಿ ಪೆಡಲ್ ತಿರುಗಿಸಿದೆ. ಚೈನು ಪಕ್ಕದ ಹಲ್ಲನ್ನು ಮೂಸಿ ಮೂಸಿ ವಾಪಸಾಗುತ್ತಿತ್ತು, ಚರಚರ ಸದ್ದು. ಕೇಬಲ್ ಸಡಿಲ. ಕೇಬಲ್ ಒಳಹೋಗುವ ಕಡೆಯ ಬ್ಯಾರೆಲ್ ತಿರುಪನ್ನು ಹೊರಬರುವಂತೆ ಕಾಲು ಸುತ್ತು ತಿರುಗಿಸಿದೆ. ಈಗ ಏರಿತು, ಆದರೆ ಸದ್ದು ಉಳಿಯಿತು. ಇನ್ನೊಂದು ಕಾಲು ಸುತ್ತು. ಚೈನು ಏರಿದ್ದೇ ತಿಳಿಯಲಿಲ್ಲ, ಚಕ್ರ ತಿರುಗುವ ಗಾಳಿಯ ಸದ್ದಷ್ಟೇ. ತಲೆಕೆಳಗೆ ನಿಲ್ಲಿಸಿ ಎರಡು ವಾರಾಂತ್ಯ ಗುದ್ದಾಡಿದ್ದ ಕೆಲಸಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ.

ಸಣ್ಣಪುಟ್ಟ ತಕರಾರು ಇನ್ನೂ ಇವೆ. ಮುಂದಿನ ಚಕ್ರ ಗಾಳಿಯಲ್ಲಿ ಅತ್ತಿತ್ತ ಹೊರಳಿ ಹ್ಯಾಂಡಲ್ ಬಂದು ಪಕ್ಕೆಗೆ ತಿವಿಯುತ್ತಿತ್ತು. ಹಳೆಯ ಟ್ಯೂಬಿನ ಪಟ್ಟಿಯೊಂದನ್ನು ಕತ್ತರಿಸಿ ಚಕ್ರವನ್ನು ಕೆಳಗಿನ ಕೊಳವೆಗೆ ಕಟ್ಟಿದ ಮೇಲೆ ಅದು ನಿಂತಿದೆ. ದವಡೆಯ ರಬ್ಬರಿನಲ್ಲಿ ಮರಳಿನ ಕಣ ಸಿಕ್ಕಿಕೊಂಡರೆ ಪೋಸ್ಟಿನ ಮೈ ಗೀರುತ್ತದೆ, ಆದ್ದರಿಂದ ಏರಿಸುವ ಮುನ್ನ ಎರಡನ್ನೂ ಒರೆಸುತ್ತೇನೆ. ಮೊನ್ನೆ ಎಡಗಾಲಿನ ರಬ್ಬರ್ ಟೊಪ್ಪಿ ಹರಿದು ಲೋಹ ನೆಲಕ್ಕೆ ತಾಗುತ್ತಿದೆ, ಆ ಕಡೆ ಕೈ ಇಟ್ಟರೆ ಸ್ಟ್ಯಾಂಡ್ ಕೂದಲೆಳೆಯಷ್ಟು ಜಾರುತ್ತದೆ. ಸವೆದ ಟೈರಿನ ಪಕ್ಕದಿಂದ ಒಂದು ಬಿಲ್ಲೆ ಕತ್ತರಿಸಿಟ್ಟಿದ್ದೇನೆ. ಅಂಟು ಒಣಗಲು ಒಂದು ರಾತ್ರಿ ಬೇಕು, ಅಲ್ಲಿಯವರೆಗೆ ಉಕ್ಕಿನ ಸೈಕಲ್ಲನ್ನು ಏರಿಸುವಂತಿಲ್ಲ.